ಅಂಗಳದಲ್ಲಿ ಕೋಟ್ನಿಸ್ ಸಿನಿಮಾ ತೋರಿಸುವವರಿಗೆ

ಅಡಿಕೆ ಕೊಯ್ಲು ಮುಗಿದು ಅಂಗಳ ಖಾಲಿಯಾದ ಮೇಲೆ ಸಾಗರ, ಸೊರಬದ ಕಡೆ ಊರವರನ್ನು ಸೇರಿಸಿ ಸಿನಿಮಾ ತೋರಿಸುವ ಗೆಳೆಯರು ಈ ಸಲ ‘ಡಾ. ಕೋಟ್ನಿಸ್ ಕೀ ಅಮರ್ ಕಹಾನಿ’ ಹಾಕಿ. 1946ರ ಚಿತ್ರ, ವಿ. ಶಾಂತಾರಾಮ್ ನಿರ್ದೇಶನ, ನಾಯಕನ ಪಾತ್ರವೂ ಅವರದ್ದೇ. ಜಪಾನಿನ ದಾಳಿಗೆ ಸಿಕ್ಕಿದ್ದ ಚೀನಾಕ್ಕೆ 1938ರಲ್ಲಿ ನಮ್ಮ ದೇಶದಿಂದ ಐವರು ವೈದ್ಯರು ಹೋದರು. ನಾಲ್ವರು ವಾಪಸಾದರು. ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸ್ ಬರಲಿಲ್ಲ.

ಪರದೆ ಎಂಟಡಿ ಅಗಲ, ಆರಡಿ ಎತ್ತರ ಸಾಕು. ಪ್ರೊಜೆಕ್ಟರಿನಲ್ಲಿ ಅಗಲ-ಎತ್ತರದ ಅನುಪಾತವನ್ನು 4:3ಕ್ಕೆ ಇಡಿ, ಇಲ್ಲದಿದ್ದರೆ ಮುಖಗಳೆಲ್ಲ ಅಡ್ಡಡ್ಡ ಹಿಗ್ಗುತ್ತವೆ. ಬಟ್ಟೆಯ ಕೆಳ ಅಂಚಿಗೆ ಬಿದಿರಿನ ಗಳ ಕಟ್ಟಿ ಎರಡೂ ತುದಿಯನ್ನು ಗೂಟಕ್ಕೆ ಬಿಗಿಯದಿದ್ದರೆ ಗಾಳಿಗೆ ಚಿತ್ರ ಅಲೆಯುತ್ತದೆ. ಸ್ಪೀಕರಿನ ಬಾಸ್ ಇಳಿಸಿ; ಹಳೇ ಧ್ವನಿಮುದ್ರಣದ ಗುಂಯ್ ಸದ್ದು ಮಾತನ್ನು ನುಂಗುತ್ತದೆ. ಹಿಂದಿ ಬಾರದ ಹಿರಿಯರಿಗಾಗಿ ಐದು ನಿಮಿಷ ಕನ್ನಡದಲ್ಲಿ ಕಥೆ ಹೇಳಿ, ಕೊನೆಯೊಂದನ್ನು ಬಿಟ್ಟು.

ಆ ಕೊನೆಯ ಬಗ್ಗೆಯೇ ನನ್ನ ತಕರಾರು. ಚಿತ್ರದಲ್ಲಿ ಕೋಟ್ನಿಸ್ ಪ್ಲೇಗಿಗೆ ಮದ್ದು ಕಂಡುಹಿಡಿದು, ಅದೇ ಪ್ಲೇಗಿಗೆ ಬಲಿಯಾಗುತ್ತಾರೆ. ನಿಜದಲ್ಲಿ ಅವರನ್ನು ಕೊಂದದ್ದು ಮೂರ್ಛೆರೋಗ: 1942ರ ಡಿಸೆಂಬರ್ 9ರಂದು, 32ನೇ ವಯಸ್ಸಿಗೆ. ಪ್ಲೇಗು ತಂದು ಇಟ್ಟಾಗ ತ್ಯಾಗವೆಲ್ಲ ಒಂದು ಸಾವಿನ ದೃಶ್ಯಕ್ಕೆ ಇಳಿದುಬಿಡುತ್ತದೆ. ಅದಕ್ಕೂ ಹಿಂದಿನ ನಾಲ್ಕು ವರ್ಷ ಮಸುಕಾಗುತ್ತವೆ. ಕೆನಡಾದ ಶಸ್ತ್ರವೈದ್ಯ ನಾರ್ಮನ್ ಬೆಥೂನ್ ಆಪರೇಷನ್ ಮಾಡುವಾಗ ಬೆರಳು ಕೊಯ್ದುಕೊಂಡು, ರಕ್ತಕ್ಕೆ ನಂಜೇರಿ 1939ರಲ್ಲಿ ಅದೇ ರಣರಂಗದಲ್ಲಿ ತೀರಿಕೊಂಡಿದ್ದರು. ಅವರ ಹೆಸರಿನ ಆಸ್ಪತ್ರೆಯ ಹೊಣೆಯನ್ನು ಕೋಟ್ನಿಸ್ 1941ರಲ್ಲಿ ಹೊತ್ತರು. ಗಾಯಾಳುಗಳ ನಡುವೆ ವೈದ್ಯನಿಗೇ ಏನಾಗಬಹುದೆಂದು ಗೊತ್ತಿದ್ದೂ ಒಪ್ಪಿಕೊಂಡ ಕೆಲಸ ಅದು. ಸಾಯುವಾಗ ಮಗನಿಗೆ ನಾಲ್ಕು ತಿಂಗಳೂ ತುಂಬಿರಲಿಲ್ಲ. ಮಗುವಿನ ಹೆಸರು ಯಿನ್‌ಹುವಾ: ‘ಯಿನ್’ ಎಂದರೆ ಭಾರತ, ‘ಹುವಾ’ ಎಂದರೆ ಚೀನಾ. ಚಿತ್ರ ಮುಗಿದು ದೀಪ ಹಾಕಿದ ಕೂಡಲೇ, ಜನ ಏಳುವ ಮುಂಚೆ ಇದಿಷ್ಟನ್ನೂ ಹೇಳಿಬಿಡಿ.

ಇನ್ನೊಂದು ಮಾತು ನಮ್ಮ ಕಡೆಗೆ ಬೇಕೇ ಬೇಕು. ಪ್ಲೇಗಿನ ದೃಶ್ಯ ನೋಡಿದವರಿಗೆ ಮಂಗನ ಕಾಯಿಲೆ ನೆನಪಾಗುವುದು ಸಹಜ. 1957ರಲ್ಲಿ ಅದು ಮೊದಲು ಪತ್ತೆಯಾದದ್ದು ಸೊರಬದ ಕ್ಯಾಸನೂರು ಕಾಡಿನಲ್ಲೇ. ಎರಡೂ ಒಂದಲ್ಲ. ಪ್ಲೇಗು ಇಲಿಯ ಮೈಮೇಲಿನ ಚಿಗಟದಿಂದ ಹರಡುವ ಬ್ಯಾಕ್ಟೀರಿಯಾ, ಇಂದು ಆಂಟಿಬಯೋಟಿಕ್‌ಗೆ ಬಗ್ಗುತ್ತದೆ. ಮಂಗನ ಕಾಯಿಲೆ ಉಣುಗಿನಿಂದ ಬರುವ ವೈರಸ್, ಅದಕ್ಕೆಂದೇ ಮಾಡಿದ ಔಷಧವಿಲ್ಲ. ಸಿನಿಮಾ ತೋರಿಸುವ ದಿನಗಳೇ ಅದರ ಕಾಲವೂ ಹೌದು. ದರಕು (ಒಣ ಎಲೆ) ತರಲು ಕಾಡಿಗೆ ಹೋಗುವವರು ಉಣುಗು ಹತ್ತದಂತೆ ಕೈಕಾಲಿಗೆ ಡೇಪಾ ಎಣ್ಣೆ ಹಚ್ಚಿಕೊಳ್ಳಲಿ, ಬಂದ ಕೂಡಲೇ ಬಿಸಿನೀರಲ್ಲಿ ಮಿಂದು ಬಟ್ಟೆ ತೊಳೆಯಲಿ, ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಲಿ.