ದಾರ ಕಾಣಲಿ ಬಿಡಿ, ಅತ್ತೆ

"ಅಯ್ಯೋ, ದಾರ ಎದ್ದು ಕಾಣ್ತಿದೆಯಲ್ಲೇ!"

ಈ ವಾರವೆಲ್ಲ ಅತ್ತೆಯ ಈ ಮಾತೇ ಕಿವಿಯಲ್ಲಿದೆ. ಕೌದಿಯ ಕಡುನೀಲಿ ಬಟ್ಟೆಯ ಮೇಲೆ ಕಿತ್ತಳೆ ದಾರದಲ್ಲಿ ರನ್ನಿಂಗ್ ಸ್ಟಿಚ್ ಹಾಕುತ್ತಿದ್ದೆ. ಅದೂ ದಪ್ಪ ದಾರ. ಒಂದು ಹೊಲಿಗೆ ಅಕ್ಕಿಕಾಳಿನಷ್ಟು ಗಿಡ್ಡ, ಪಕ್ಕದ್ದು ಅದರ ಮೂರರಷ್ಟು ಉದ್ದ. ಬೇಕಂತಲೇ ಹಾಗೆ.

"ಕಾಣಲಿ ಅಂತಾನೇ ಹಾಕ್ತಿರೋದು ಅತ್ತೆ" ಅಂದೆ. ಅವರು ಮಾತಾಡಲಿಲ್ಲ. ಕನ್ನಡಕ ಸರಿಮಾಡಿಕೊಂಡು ಬಟ್ಟೆ ಹತ್ತಿರ ಹಿಡಿದು ನೋಡಿದರು.

ಅತ್ತೆಯದು ಅಚ್ಚುಕಟ್ಟಿನ ಕೈ. ಬಟ್ಟೆಗೆ ಹೊಂದುವ ಬಣ್ಣದ್ದೇ ದಾರ, ಅಳೆದು ಹಾಕಿದಂಥ ಹೊಲಿಗೆ. ಅವರ ಕೌದಿ ನೋಡಿದವರೆಲ್ಲ "ಹೊಲಿಗೆ ಎಲ್ಲಿದೆ ಅಂತಾನೇ ಗೊತ್ತಾಗಲ್ಲ" ಅಂತ ಹೊಗಳುತ್ತಾರೆ. ನನಗೆ ಸಂಕಟವಾಗುವುದು ಅಲ್ಲೇ. ತಿಂಗಳುಗಟ್ಟಲೆ ಬೆನ್ನು ಬಗ್ಗಿಸಿ ಹಾಕಿದ್ದು ಕಾಣದಿದ್ದರೇ ಚೆಂದ ಅಂದರೆ ಅದೆಂಥ ಹೊಗಳಿಕೆ? ಮನೆಯೊಳಗಿನ ಎಷ್ಟೋ ಕೆಲಸ ಹೀಗೇ ಅಲ್ವಾ? ಕೆಲಸ ಆಗಿರಬೇಕು, ಮಾಡಿದವರು ಕಾಣಬಾರದು.

ಮೇಲಿನ ಬಟ್ಟೆ, ನಡುವಿನ ಹತ್ತಿ, ಅಡಿಯ ಬಟ್ಟೆ, ಹೀಗೆ ಕೌದಿಯ ಮೂರು ಪದರಗಳನ್ನು ಹಿಡಿದಿಡುವುದೇ ಹೊಲಿಗೆ. ಸಾಲುಗಳು ಒತ್ತಾಗಿ ಬಂದ ಕಡೆ ಬಟ್ಟೆ ಚಪ್ಪಟೆಯಾಗುತ್ತದೆ, ದೂರ ಬಿಟ್ಟ ಕಡೆ ಒಳಗಿನ ಹತ್ತಿ ಉಬ್ಬಿ ನಿಲ್ಲುತ್ತದೆ. ಒಂದು ಮೂಲೆಯಲ್ಲಿ ಸುಮ್ನೆ ಸುರುಳಿ ಸುತ್ತುತ್ತಾ ಹೋದೆ. ಬೆಳಕು ಓರೆಯಾಗಿ ಬಿದ್ದಾಗ ಅದರ ನೆರಳೇ ಒಂದು ಚಿತ್ರ.

ಬಣ್ಣದ ಆಟ ಇನ್ನೂ ಮಜಾ. ಬಟ್ಟೆ ಚೂರುಗಳನ್ನು ನೆಲದ ಮೇಲೆ ಹರಡಿ ಅದಲುಬದಲು ಮಾಡುತ್ತೇನೆ. ಆಮೇಲೆ ಫೋನಿನಲ್ಲಿ ಕಪ್ಪುಬಿಳುಪು ಫೋಟೊ. ಕೆಂಪು, ಹಸಿರು ಎರಡೂ ಒಂದೇ ಬೂದು ಬಣ್ಣವಾಗಿ ಕಂಡರೆ ಎರಡರ ಗಾಢತೆ ಒಂದೇ ಎಂದರ್ಥ. ನಡುವೆ ತಿಳಿಬಣ್ಣದ್ದೊಂದು ಚೂರು ಬೇಕು. ಯಾರಿಗೂ ಬೇಡದ ಮಂಕು ಕಂದು ಚೂರೊಂದಿತ್ತು. ಕಡುನೀಲಿಯ ಪಕ್ಕ ಇಟ್ಟೆ ನೋಡಿ, ತಾಮ್ರದ ಹೊಳಪು ಬಂತು! ಪ್ಯಾರಿಸ್ಸಿನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನವಿಜ್ಞಾನಿ ಶೆವ್ರಲ್‌ಗೆ ಕಪ್ಪು ನೂಲು ಮಂಕಾಗಿದೆ ಅಂತ ದೂರು ಬಂದಿತ್ತಂತೆ. ಪರೀಕ್ಷೆ ಮಾಡಿದರೆ ನೂಲು ಸರಿಯಾಗಿಯೇ ಇತ್ತು. ಪಕ್ಕದ ಬಣ್ಣಗಳಿಂದಾಗಿ ಕಪ್ಪು ಹಾಗೆ ಕಾಣುತ್ತಿತ್ತು. 1839ರಲ್ಲಿ ಅವರು ಇದನ್ನೆಲ್ಲ ಬರೆದು ಪ್ರಕಟಿಸಿದರು. ಹಾಗಾಗಿ ಒಂಟಿ ಚೂರನ್ನು ನೋಡಿ "ಈ ಬಣ್ಣ ಚೆನ್ನಾಗಿಲ್ಲ" ಅನ್ನುವವರ ಮಾತನ್ನು ನಾನು ಒಪ್ಪುವುದೇ ಇಲ್ಲ.

ಮರುದಿನ ಅತ್ತೆ ಬಂದು ಕೂತವರೇ "ನನಗೂ ಒಂದು ಸೂಜಿ ಕೊಡೇ" ಅಂದರು. ಗಿಳಿಹಸಿರು ದಾರ ಆರಿಸಿಕೊಂಡರು! ಹೊಲಿಗೆ ಮಾತ್ರ ಎಂದಿನಂತೆ ಒಂದೇ ಸಮ. ನನ್ನ ವಕ್ರ ಕಿತ್ತಳೆ ಸಾಲಿನ ಪಕ್ಕ ಅವರ ನೇರ ಹಸಿರು ಸಾಲು. ಯಾರ ಕೈ ಯಾವುದು ಅಂತ ಬಾಗಿಲ ಹತ್ತಿರ ನಿಂತರೂ ಗೊತ್ತಾಗುತ್ತದೆ.

"ದಾರ ಬೇಕಾದ್ರೆ ಕಾಣಲಿ. ಗಂಟು ಕಾಣಬಾರದು" ಅಂದರು. ದಾರವನ್ನು ಮೆಲ್ಲಗೆ ಜಗ್ಗಿದರು. ಗಂಟು ಟಕ್ ಅಂತ ಬಟ್ಟೆಯೊಳಗೆ ಇಳಿದು ಹತ್ತಿಯಲ್ಲಿ ಕೂತಿತು. ಗಂಟಿನ ವಿಷಯದಲ್ಲಿ ನಾನೂ ಅತ್ತೆಯ ಕಡೆಯೇ. ಹೊರಗೆ ಬಿಟ್ಟರೆ ಉಜ್ಜಿ ಸವೆದು ಬಿಚ್ಚಿಕೊಳ್ಳುತ್ತದೆ.