ಸಂಘಗಳ ಜೊತೆ ಎಚ್‌ಐವಿ ತಡೆ ಕೆಲಸ: ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗಿನ ದಾಖಲೆ

ದಕ್ಷಿಣ ಕೊಡಗಿನ ಮೂರು ಸ್ಥಳೀಯ ಸಂಘಗಳು, ಎಂದರೆ ಒಂದು ಸ್ತ್ರೀಶಕ್ತಿ ಗುಂಪುಗಳ ಒಕ್ಕೂಟ, ಒಂದು ವಾಹನ ಚಾಲಕರ ಸಂಘ ಮತ್ತು ಒಂದು ಯುವಕ ಸಂಘ, ಡಿಸೆಂಬರ್ 1ರ ವಿಶ್ವ ಏಡ್ಸ್ ದಿನದ ಜಾಥಾಕ್ಕೆ ಸೀಮಿತವಾಗಿದ್ದ ತಮ್ಮ ಎಚ್‌ಐವಿ ಜಾಗೃತಿಯನ್ನು ವರ್ಷವಿಡೀ ನಡೆಯುವ ತಡೆ ಕಾರ್ಯಕ್ರಮವಾಗಿ ಬೆಳೆಸಲು ನಿರ್ಧರಿಸಿವೆ. ಯೋಜನೆ ಹಾಕುವಲ್ಲಿ, ತರಬೇತಿಯಲ್ಲಿ ಮತ್ತು ಲೆಕ್ಕ ಇಡುವಲ್ಲಿ ಅವರಿಗೆ ನೆರವಾಗುವುದು ನಾನು ಬಿಡುವಿನ ವೇಳೆಯಲ್ಲಿ ಕೈಗೆತ್ತಿಕೊಂಡಿರುವ ಕೆಲಸ. ಹಿಂದೆ ಆಪ್ತ ಸಮಾಲೋಚಕಿಯಾಗಿ ದುಡಿದ ಅನುಭವ ಬೆನ್ನಿಗಿದೆ. ಇದೇ ಬಗೆಯ ಕೆಲಸಕ್ಕೆ ಕೈಹಾಕುವ ಬೇರೆ ಊರಿನವರಿಗೂ ಅನುಕೂಲವಾಗಲೆಂದು ಇದುವರೆಗಿನ ಪ್ರಗತಿಯನ್ನು ಬರೆದಿಡುತ್ತಿದ್ದೇನೆ.

ಸೆಪ್ಟೆಂಬರ್

ಸಂಘಗಳ ಹಳೆಯ ವರದಿಗಳನ್ನು ಓದುವುದರಿಂದ ಕೆಲಸ ಶುರುವಾಯಿತು. ಎಷ್ಟು ಭಾಷಣ, ಎಷ್ಟು ಕರಪತ್ರ, ಎಷ್ಟು ಜನ ಸೇರಿದ್ದರು ಎಂಬ ಲೆಕ್ಕ ಅಚ್ಚುಕಟ್ಟಾಗಿತ್ತು. ಆದರೆ ಭಾಷಣ ಕೇಳಿದವರಲ್ಲಿ ಯಾರಾದರೂ ಪರೀಕ್ಷೆ ಮಾಡಿಸಿಕೊಂಡರೇ, ಸೋಂಕು ಕಂಡುಬಂದವರು ಚಿಕಿತ್ಸೆಗೆ ಸೇರಿದರೇ, ಸೇರಿದವರು ಔಷಧ ಬಿಡದೆ ಮುಂದುವರಿಸಿದರೇ ಎಂಬುದು ಆ ವರದಿಗಳಿಂದ ತಿಳಿಯುವಂತಿರಲಿಲ್ಲ. ಆದ್ದರಿಂದ ಯೋಜನೆಯನ್ನು ಕೊನೆಯಿಂದ ಮೊದಲಿಗೆ ಬರೆಯೋಣ ಎಂದು ಹೇಳಿದೆ. 2025ಕ್ಕೆ ಜಗತ್ತಿನ ದೇಶಗಳು ಇಟ್ಟುಕೊಂಡಿದ್ದ ಗುರಿಯೂ ಅದೇ ಸರಪಳಿಯದು: ಎಚ್‌ಐವಿಯೊಂದಿಗೆ ಬದುಕುತ್ತಿರುವವರಲ್ಲಿ ಶೇ 95ರಷ್ಟು ಮಂದಿಗೆ ತಮ್ಮ ಸ್ಥಿತಿ ಗೊತ್ತಿರಬೇಕು, ಗೊತ್ತಿರುವವರಲ್ಲಿ ಶೇ 95ರಷ್ಟು ಮಂದಿ ಚಿಕಿತ್ಸೆಯಲ್ಲಿರಬೇಕು, ಚಿಕಿತ್ಸೆಯಲ್ಲಿರುವವರಲ್ಲಿ ಶೇ 95ರಷ್ಟು ಮಂದಿಯ ರಕ್ತದಲ್ಲಿ ವೈರಾಣು ಹತೋಟಿಗೆ ಬಂದಿರಬೇಕು.

ಚಿಕಿತ್ಸೆಯೂ ತಡೆಯ ಭಾಗವೇ ಎಂಬುದನ್ನು ಒಪ್ಪಿಸಲು ಹೆಚ್ಚು ಹೊತ್ತು ಹಿಡಿಯಿತು. ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಔಷಧವನ್ನು ತಪ್ಪದೆ ತೆಗೆದುಕೊಂಡು, ವೈರಾಣು ಪರೀಕ್ಷೆಗೆ ಸಿಗದಷ್ಟು ಕೆಳಗಿಳಿದು ಹಾಗೆಯೇ ಉಳಿದರೆ, ಆ ವ್ಯಕ್ತಿಯಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ. ಈ ಔಷಧ ನಮ್ಮ ದೇಶದಲ್ಲಿ 2004ರಿಂದ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. 2017ರಿಂದ ಸೋಂಕು ದೃಢಪಟ್ಟ ಎಲ್ಲರಿಗೂ, ರೋಗನಿರೋಧಕ ಶಕ್ತಿ ಕುಸಿಯುವವರೆಗೆ ಕಾಯಿಸದೆ, ಚಿಕಿತ್ಸೆ ಆರಂಭಿಸಲಾಗುತ್ತಿದೆ. ಒಕ್ಕೂಟದ ಹಿರಿಯರೊಬ್ಬರು, "ಅಂದರೆ ಮಾತ್ರೆ ನುಂಗೋರೂ ಊರನ್ನ ಕಾಯ್ತಾ ಇದ್ದಾರೆ ಅಂತಾಯ್ತಲ್ಲ ಮೇಡಂ" ಎಂದರು. ಆ ಮಾತನ್ನು ಅವರ ಯೋಜನಾ ಪುಸ್ತಕದ ಮೊದಲ ಪುಟದಲ್ಲಿ ಬರೆಸಿದ್ದೇವೆ.

ಅಕ್ಟೋಬರ್

ಈ ತಿಂಗಳು ನಕ್ಷೆಯ ಕೆಲಸ. ಚಾಲಕರ ಸಂಘದವರು ಚಾರ್ಟ್ ಹಾಳೆಯ ಮೇಲೆ ಲಾರಿ ತಂಗುವ ಜಾಗ, ಹೆದ್ದಾರಿ ಬದಿಯ ಹೋಟೆಲು, ಸಂತೆಮಾಳ, ಕಾಫಿ ತೋಟಗಳಲ್ಲಿ ಕಾರ್ಮಿಕರು ಇರುವ ಲೈನ್‌ಮನೆಗಳು, ತಡರಾತ್ರಿಯವರೆಗೆ ತೆರೆದಿರುವ ಅಂಗಡಿಗಳನ್ನು ಗುರುತಿಸಿದರು. ಯಾವ ಜಾಗದಲ್ಲಿ ಯಾವ ಹೊತ್ತಿಗೆ ಜನ ಸಿಗುತ್ತಾರೆ, ಅಲ್ಲಿಂದ ಪರೀಕ್ಷಾ ಕೇಂದ್ರಕ್ಕೆ ಎಷ್ಟು ದೂರ, ಬಸ್ಸು ಎಷ್ಟು ಗಂಟೆಗೆ ಎಂಬುದನ್ನೂ ಬರೆದರು. ತೋಟದ ಕಾರ್ಮಿಕರು ಭಾನುವಾರ ಸಂತೆಗೆ ಬರುತ್ತಾರೆ. ಅದೇ ದಿನ ಆಸ್ಪತ್ರೆಯ ಪರೀಕ್ಷಾ ಕೇಂದ್ರಕ್ಕೆ ರಜೆ. ವಾರದ ದಿನ ಆಸ್ಪತ್ರೆಗೆ ಹೋದರೆ ಆ ದಿನದ ಕೂಲಿ ಹೋಗುತ್ತದೆ. ಜನ ಪರೀಕ್ಷೆಗೆ ಬರುವುದಿಲ್ಲ ಎಂಬ ದೂರಿಗೆ ಉತ್ತರ ಆ ಹಾಳೆಯ ಮೇಲೆಯೇ ಇತ್ತು.

ನಕ್ಷೆಯಲ್ಲಿ ಯಾರ ಮನೆಯನ್ನೂ, ಬುಡಕಟ್ಟು ಜನರ ಯಾವ ಹಾಡಿಯನ್ನೂ ಗುರುತಿಸಬಾರದು ಎಂಬ ಕಟ್ಟುನಿಟ್ಟಿನ ನಿಯಮ ಮಾಡಿಕೊಂಡಿದ್ದೇವೆ. ಅಸ್ಸಾಂ, ಪಶ್ಚಿಮ ಬಂಗಾಳದಿಂದ ದುಡಿಯಲು ಬಂದವರೇ ರೋಗ ತರುತ್ತಾರೆ ಎಂಬ ಮಾತು ಸಭೆಯಲ್ಲಿ ಒಮ್ಮೆ ಬಂದಾಗ ನಾನು ಅದನ್ನು ಅಲ್ಲಿಯೇ ತಡೆದೆ. ಮನೆಯಿಂದ ದೂರವಿರುವುದು, ಭಾಷೆ ಬಾರದಿರುವುದು, ಆಸ್ಪತ್ರೆಯ ದಾರಿ ಗೊತ್ತಿಲ್ಲದಿರುವುದು ಅವರನ್ನು ಅಪಾಯಕ್ಕೆ ಒಡ್ಡುತ್ತದೆ. ಅವರ ಮೇಲೆ ಅನುಮಾನದ ಬೆರಳು ತೋರಿದರೆ ಅವರು ಇನ್ನಷ್ಟು ದೂರ ಸರಿಯುತ್ತಾರೆ, ಕಾರ್ಯಕ್ರಮ ಅಲ್ಲಿಗೇ ಸೋಲುತ್ತದೆ.

ಅಪಾಯದ ಅಂಚಿನಲ್ಲಿರುವವರೇ ಕೆಲಸದ ಮುಂಚೂಣಿಯಲ್ಲಿರಬೇಕು ಎಂಬುದಕ್ಕೆ ಉದಾಹರಣೆ ಪಕ್ಕದಲ್ಲೇ ಇದೆ. ಮೈಸೂರಿನ ಆಶೋದಯ ಸಮಿತಿಯನ್ನು ಲೈಂಗಿಕ ವೃತ್ತಿಯಲ್ಲಿರುವವರೇ ನಡೆಸುತ್ತಾರೆ. ಅದಕ್ಕೂ ಮೊದಲು, 1992ರಲ್ಲಿ, ಕೋಲ್ಕತ್ತದ ಸೋನಾಗಾಚಿಯಲ್ಲಿ ಡಾ. ಸ್ಮರಜಿತ್ ಜಾನಾ ಆರಂಭಿಸಿದ ಯೋಜನೆ ಆ ವೃತ್ತಿಯ ಮಹಿಳೆಯರನ್ನೇ ತಮ್ಮಂಥವರಿಗೆ ತಿಳಿಹೇಳುವ ಸಹವರ್ತಿ ಶಿಕ್ಷಕಿಯರನ್ನಾಗಿ ಮಾಡಿತ್ತು. ನಮ್ಮ ಸಂಘಗಳೂ ಈಗ ಲೈನ್‌ಮನೆಗಳಿಂದಲೇ, ಹಿಂದಿ ಮತ್ತು ಬಂಗಾಳಿ ಬಲ್ಲ ಸಹವರ್ತಿಗಳನ್ನು ಆರಿಸಿಕೊಂಡಿವೆ.

ನವೆಂಬರ್

ಇಲ್ಲಿಯ ಊರುಗಳಲ್ಲಿ ಯಾರ ಮನೆಯಲ್ಲಿ ಏನು ನಡೆಯಿತೆಂಬುದು ಸಂಜೆಯೊಳಗೆ ನಾಲ್ಕು ಮನೆಗೆ ತಲುಪುತ್ತದೆ. ಆದ್ದರಿಂದ ಗೋಪ್ಯತೆಗೆ ಒಂದಿಡೀ ತರಬೇತಿಯನ್ನು ಮೀಸಲಿಟ್ಟೆವು. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಒಬ್ಬರ ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಅವರ ಸ್ಥಿತಿಯನ್ನು ಬಯಲು ಮಾಡುವಂತಿಲ್ಲ, ಕೆಲಸ ಕೊಡಲು ಎಚ್‌ಐವಿ ಪರೀಕ್ಷೆಯನ್ನು ಷರತ್ತಾಗಿ ಇಡುವಂತಿಲ್ಲ. ಸಹವರ್ತಿಗಳ ಹಾಳೆಯಲ್ಲಿ ಈಗ ಹೆಸರಿಲ್ಲ, ಸಂಕೇತ ಮಾತ್ರ ಇದೆ. ಹೆಸರಿಗೂ ಸಂಕೇತಕ್ಕೂ ತಾಳೆ ಹಾಕುವ ಪುಸ್ತಕ ಒಬ್ಬರ ಸುಪರ್ದಿನಲ್ಲಿ, ಬೀಗದ ಬೀರುವಿನಲ್ಲಿದೆ. ಪರೀಕ್ಷೆಯ ಫಲಿತಾಂಶವನ್ನು ಸಂಘ ಬರೆದಿಡುವುದೇ ಇಲ್ಲ. ಕೇಂದ್ರಕ್ಕೆ ಹೋದರೇ ಇಲ್ಲವೇ ಎಂಬುದಷ್ಟೇ ಸಂಘಕ್ಕೆ ಬೇಕಾದ ಮಾಹಿತಿ.

ಇದರ ಪ್ರಯೋಜನ ಬೇಗನೆ ಕಾಣಿಸಿತು. ಕೊಯ್ಲಿಗೆ ಬರುವ ಎಲ್ಲ ಕೂಲಿಯವರಿಗೂ ಪರೀಕ್ಷೆ ಮಾಡಿಸಿ ಪಟ್ಟಿ ಕೊಡುವಿರಾ ಎಂದು ಒಂದು ತೋಟದ ಕಡೆಯಿಂದ ಕೋರಿಕೆ ಬಂದಾಗ, ಒಕ್ಕೂಟದ ಕಾರ್ಯದರ್ಶಿ ನನ್ನನ್ನು ಕೇಳುವ ಮೊದಲೇ ಕಾಯ್ದೆಯನ್ನು ವಿವರಿಸಿ, ಪಟ್ಟಿ ಸಿಗದು, ಬೇಕಾದರೆ ಬಯಸಿದವರಿಗೆ ಸಂಬಳ ಸಹಿತ ಅರ್ಧ ದಿನ ಬಿಡುವು ಕೊಡಿ ಎಂದು ಉತ್ತರಿಸಿದರು. ತೋಟದವರು ಬಿಡುವು ಕೊಟ್ಟರು.

ಕಾಂಡೋಮ್ ಬಳಕೆಯ ತರಬೇತಿಯಲ್ಲಿ ಚಾಲಕರೊಬ್ಬರು, ಕೊಬ್ಬರಿ ಎಣ್ಣೆ ಬಳಸಿದರೆ ತಪ್ಪೇನು ಎಂದು ಕೇಳಿದರು. ಪ್ರತಿ ಮನೆಯಲ್ಲೂ ಕೈಗೆಟಕುವ ಜಾರಕ ಅದೇ ಆದ್ದರಿಂದ ಪ್ರಶ್ನೆ ಬಹಳ ಮುಖ್ಯವಾದದ್ದು. ಎರಡು ಕಾಂಡೋಮ್‌ಗಳನ್ನು ಊದಿ ಗಂಟು ಹಾಕಿ, ಒಂದಕ್ಕೆ ಎಣ್ಣೆ, ಇನ್ನೊಂದಕ್ಕೆ ನೀರು ಸವರಿ ಮೇಜಿನ ಮೇಲಿಟ್ಟೆವು. ಮಾತು ಮುಂದುವರಿದಿರುವಾಗಲೇ ಎಣ್ಣೆ ಸವರಿದ್ದು ಪಟ್ಟೆಂದು ಒಡೆಯಿತು. ಎಣ್ಣೆ, ವ್ಯಾಸಲೀನ್ ಮುಂತಾದವು ಲೇಟೆಕ್ಸ್ ರಬ್ಬರನ್ನು ಸಡಿಲಗೊಳಿಸುತ್ತವೆ, ನೀರು ಆಧಾರಿತ ಜಾರಕ ಹಾಗೆ ಮಾಡುವುದಿಲ್ಲ ಎಂದು ಮತ್ತೆ ವಿವರಿಸುವ ಅಗತ್ಯವೇ ಬೀಳಲಿಲ್ಲ. ಲಾರಿಯ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಇಟ್ಟ ಪೊಟ್ಟಣವೂ ಹಾಳಾಗುತ್ತದೆ ಎಂಬುದನ್ನು ಅವರೇ ಸೇರಿಸಿದರು. ಕಾಂಡೋಮ್ ಹರಿದುಹೋದರೆ ಏನು ಮಾಡಬೇಕೆಂಬ ಪ್ರಶ್ನೆಯೂ ಬಂತು. ತಡಮಾಡದೆ, 72 ಗಂಟೆಯೊಳಗೆ ವೈದ್ಯರನ್ನು ಕಾಣಬೇಕು, ಅವರು ಅಗತ್ಯವೆಂದು ಕಂಡರೆ 28 ದಿನಗಳ ಔಷಧ ಕೊಡುತ್ತಾರೆ ಎಂಬುದು ಈಗ ಅವರ ಕೈಚೀಟಿಯಲ್ಲಿದೆ.

ಡಿಸೆಂಬರ್

ಜಾಥಾವನ್ನು ಕೈಬಿಟ್ಟಿಲ್ಲ, ಚಿಕ್ಕದು ಮಾಡಿದ್ದೇವೆ. ಉಳಿಸಿದ ಹಣ ಮತ್ತು ಶಕ್ತಿಯನ್ನು ಸಂತೆಯ ದಿನದ ಆರೋಗ್ಯ ಶಿಬಿರಕ್ಕೆ ಹಾಕಿದೆವು. ಅಲ್ಲಿ ಬಿಪಿ, ಸಕ್ಕರೆ, ಎಚ್‌ಐವಿ ಮತ್ತು ಸಿಫಿಲಿಸ್ ಪರೀಕ್ಷೆಗಳು ಒಂದೇ ಕೊಠಡಿಯಲ್ಲಿ ನಡೆದವು. ಯಾರು ಯಾವ ಪರೀಕ್ಷೆಗೆ ಒಪ್ಪಿದರೆಂಬುದು ಹೊರಗೆ ನಿಂತವರಿಗೆ ತಿಳಿಯುವುದಿಲ್ಲ, ಆದರೆ ಪ್ರತಿಯೊಬ್ಬರೂ ಸಮಾಲೋಚಕರ ಬಳಿ ಒಬ್ಬರೇ ಕುಳಿತು ಪ್ರತಿ ಪರೀಕ್ಷೆಗೂ ಬೇರೆಬೇರೆಯಾಗಿ ಒಪ್ಪಿಗೆ ಕೊಡುತ್ತಾರೆ. ಬೆರಳ ತುದಿಯ ಒಂದು ಹನಿ ರಕ್ತದ ಈ ಪರೀಕ್ಷೆ ಪ್ರಾಥಮಿಕವಾದುದು. ಅದರಲ್ಲಿ ಸೋಂಕಿನ ಸೂಚನೆ ಬಂದರೂ ಸರ್ಕಾರಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರವಾದ ಐಸಿಟಿಸಿಯಲ್ಲಿ ಮೂರು ಬೇರೆ ಬೇರೆ ಕಿಟ್‌ಗಳಲ್ಲಿ ದೃಢಪಡುವವರೆಗೆ ಯಾರನ್ನೂ ಸೋಂಕಿತರೆಂದು ಹೇಳಬಾರದು. ಅಂಥವರ ಜೊತೆ ಕೇಂದ್ರದವರೆಗೂ ಹೋಗಲು, ಅವರು ಒಪ್ಪಿದರೆ, ಒಬ್ಬ ಸಹವರ್ತಿ ಸಿದ್ಧವಾಗಿರುತ್ತಾರೆ. ಇತ್ತೀಚೆಗೆ ಅಪಾಯದ ಸಂಪರ್ಕವಾಗಿದ್ದವರಿಗೆ, ಫಲಿತಾಂಶ ಸೋಂಕಿಲ್ಲವೆಂದು ಬಂದರೂ ಮೂರು ತಿಂಗಳ ನಂತರ ಮತ್ತೊಮ್ಮೆ ಪರೀಕ್ಷಿಸಿಕೊಳ್ಳಲು ಹೇಳಿ ಕಳುಹಿಸಲಾಯಿತು.

ಗರ್ಭಿಣಿಯರ ವಿಷಯದಲ್ಲಿ ಆಶಾ ಕಾರ್ಯಕರ್ತೆಯರು ಈಗಾಗಲೇ ಚೆನ್ನಾಗಿ ಕೆಲಸ ಮಾಡುತ್ತಿದ್ದಾರೆ. ಏನೂ ಮಾಡದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ತಗಲುವ ಸಾಧ್ಯತೆ ಶೇ 15ರಿಂದ 45ರವರೆಗೆ ಇರುತ್ತದೆ, ಸಕಾಲದ ಚಿಕಿತ್ಸೆಯಿಂದ ಅದನ್ನು ಶೇ 5ಕ್ಕಿಂತ ಕೆಳಗಿಳಿಸಬಹುದು. ಕೊಯ್ಲಿಗೆಂದು ಬಂದ, ತಾಯಿ ಕಾರ್ಡ್ ಇಲ್ಲದ ಗರ್ಭಿಣಿಯರನ್ನು ಆಶಾ ಕಾರ್ಯಕರ್ತೆಯರಿಗೆ ಪರಿಚಯಿಸುವುದಷ್ಟೇ ಇಲ್ಲಿ ಸಂಘದ ಪಾಲು.

ಜನವರಿಯಿಂದ ಮಾರ್ಚ್

ರೊಬಸ್ಟಾ ಕಾಫಿ ಕೊಯ್ಲಿನ ಈ ತಿಂಗಳುಗಳಲ್ಲಿ ಸಭೆಗೆ ಯಾರಿಗೂ ಪುರುಸೊತ್ತಿರುವುದಿಲ್ಲ. ಸಹವರ್ತಿಗಳು ಕೆಲಸ ಮುಗಿದ ಮೇಲೆ, ಲೈನ್‌ಮನೆಯ ಜಗಲಿಯಲ್ಲಿ ಕುಳಿತು ಮಾತನಾಡಿದರು. ಅಲ್ಲಿ ಹೆಚ್ಚು ಬಾರಿ ಎದುರಾದ ತೊಡಕು ನಾವು ಎಣಿಸಿರದಂಥದ್ದು: ಊರಿನಲ್ಲಿ ಎಆರ್‌ಟಿ ಶುರುಮಾಡಿದ್ದು, ವಲಸೆ ಬಂದ ಮೇಲೆ ಮಾತ್ರೆ ಮುಗಿದು, ಇಲ್ಲಿ ಕೇಳಲು ಹೆದರಿ ಸುಮ್ಮನಿರುವುದು. ಚಿಕಿತ್ಸಾ ಪುಸ್ತಕ ಅಥವಾ ವರ್ಗಾವಣೆ ಪತ್ರ ತಂದರೆ ಇಲ್ಲಿಯ ಕೇಂದ್ರದಲ್ಲಿ ಔಷಧ ಮುಂದುವರಿಯುತ್ತದೆ. ಪತ್ರವಿಲ್ಲದಿದ್ದರೂ ಬನ್ನಿ, ಹಳೆಯ ಕೇಂದ್ರವನ್ನು ಸಂಪರ್ಕಿಸಲು ದಾರಿಯಿದೆ ಎಂದು ಭರವಸೆ ಕೊಡುವುದು ಸಹವರ್ತಿಯ ಮುಖ್ಯ ಕೆಲಸವಾಯಿತು. ಹಲವು ಭಾಷೆಗಳಲ್ಲಿ ಉತ್ತರಿಸುವ ಉಚಿತ ಸಹಾಯವಾಣಿ 1097ನ್ನು ಸಣ್ಣ ಚೀಟಿಯಲ್ಲಿ, ಎಚ್‌ಐವಿ ಎಂಬ ಪದವಿಲ್ಲದೆ, ಆರೋಗ್ಯ ಸಹಾಯವಾಣಿ ಎಂದೇ ಅಚ್ಚು ಹಾಕಿಸಿದೆವು. ಜೇಬಿನಲ್ಲಿ ಇಟ್ಟುಕೊಳ್ಳಲು ಯಾರಿಗೂ ಸಂಕೋಚವಾಗಬಾರದು.

ಮಾರ್ಚ್ ಕೊನೆಯಲ್ಲಿ ಮೂರೂ ಸಂಘಗಳು ತಮ್ಮ ಹಾಳೆಗಳನ್ನು ಮುಂದಿಟ್ಟುಕೊಂಡು ಕುಳಿತವು. ಮಾತನಾಡಿಸಿದವರಿಗಿಂತ ಪರೀಕ್ಷೆಗೆ ಹೋದವರು ಬಹಳ ಕಡಿಮೆ. ಆದರೆ ಯಾವ ಜಾಗದವರು ಹೋಗಲಿಲ್ಲ, ಏಕೆ ಹೋಗಲಿಲ್ಲ ಎಂಬುದು ಈಗ ಸಂಘದವರಿಗೇ ಗೊತ್ತಿದೆ. ಲಾರಿ ನಿಲ್ದಾಣದ ಕಾಂಡೋಮ್ ಪೆಟ್ಟಿಗೆ ವಾರದ ನಡುವೆಯೇ ಖಾಲಿಯಾಗುತ್ತದೆ, ಪಂಚಾಯಿತಿ ಕಟ್ಟಡದ ಪೆಟ್ಟಿಗೆ ತುಂಬಿದಂತೆಯೇ ಇರುತ್ತದೆ. ಎರಡನೆಯದನ್ನು ತೆಗೆದು, ಮಳೆಗಾಲಕ್ಕೆ ಮೊದಲು, ತೇವ ತಗಲದ ಮುಚ್ಚಳದೊಂದಿಗೆ ಆಟೋ ನಿಲ್ದಾಣದ ಅಂಗಡಿಯ ಹಿಂಬದಿಗೆ ಹಾಕಲಾಗುವುದು. ಸಹವರ್ತಿಗಳ ಬಸ್ ಖರ್ಚು ಮತ್ತು ಗೌರವಧನಕ್ಕೆ ಇನ್ನೂ ಖಚಿತವಾದ ಮೂಲವಿಲ್ಲ. ಪುಕ್ಕಟೆಯಾಗಿ ದುಡಿಸಿಕೊಂಡು ಇಂಥ ಕಾರ್ಯಕ್ರಮವನ್ನು ಉಳಿಸಿಕೊಳ್ಳಬಹುದೆಂದು ನಾನು ನಂಬುವುದಿಲ್ಲ. ಬೆಳೆಗಾರರಿಂದ ಮತ್ತು ಪಂಚಾಯಿತಿಗಳಿಂದ ನೆರವು ಕೇಳುವ ಪತ್ರದ ಕರಡನ್ನು ಒಕ್ಕೂಟದವರು ಬರೆದಿದ್ದಾರೆ. ಭಾನುವಾರದಂದು ತಿಂಗಳಿಗೊಮ್ಮೆಯಾದರೂ ಪರೀಕ್ಷೆಯ ವ್ಯವಸ್ಥೆ ಮಾಡಬೇಕೆಂಬ ಮನವಿ ಜಿಲ್ಲಾ ಏಡ್ಸ್ ನಿಯಂತ್ರಣ ಘಟಕಕ್ಕೆ ಏಪ್ರಿಲ್ ಮೊದಲ ವಾರದಲ್ಲಿ, ಅಕ್ಟೋಬರ್‌ನ ನಕ್ಷೆಯ ಪ್ರತಿಯೊಂದಿಗೆ ಹೋಗಲಿದೆ.