ಪ್ರೆಸ್ ಕಾಫಿಯಲ್ಲಿ ಕೆಸರು: ಜಾಲರಿಯನ್ನು ಬೈಯುವ ಮೊದಲು

ಶಿರಸಿ ಸುತ್ತಿನ ಹೋಮ್‌ಸ್ಟೇ ಅಡುಗೆಮನೆಗೆ ಹೊಸದಾಗಿ ಸೇರಿದವರಿಗೆ ಫ್ರೆಂಚ್ ಪ್ರೆಸ್ (ಗಾಜಿನ ಪಾತ್ರೆಯಲ್ಲಿ ಕಾಫಿಪುಡಿ ನೆನೆಸಿ, ಹಿಡಿಗೆ ಕೂರಿಸಿದ ಜಾಲರಿಯನ್ನು ಒತ್ತಿ ಸೋಸುವ ಸಾಧನ) ಕೊಟ್ಟರೆ ದೂರು ಒಂದೇ: ಲೋಟದ ತಳದಲ್ಲಿ ಕೆಸರು, ಬಾಯಲ್ಲಿ ಕಹಿ. ಬೈಗುಳ ಬೀಳುವುದು ಜಾಲರಿಗೆ. ತಪ್ಪು ಹೆಚ್ಚಾಗಿ ಪುಡಿಯದು.

ಫಿಲ್ಟರ್ ಪುಡಿ ಇದಕ್ಕಾಗದು. ನುಣುಪಾದ್ದರಿಂದ ಜಾಲರಿ ದಾಟುತ್ತದೆ, ನಾಲ್ಕು ನಿಮಿಷ ನೆನೆದರೆ ಕಹಿಯನ್ನೆಲ್ಲ ಬಿಡುತ್ತದೆ. ಚಿಕೋರಿ ಇದ್ದರಂತೂ ಮೆತ್ತಗಾಗಿ ಜಾಲರಿಗೇ ಮೆತ್ತಿಕೊಳ್ಳುತ್ತದೆ. ಬರೀ ಕಾಫಿಬೀಜವನ್ನು ಇಡ್ಲಿ ರವೆಯಷ್ಟು ತರಿಯಾಗಿ ಬೀಸಿಸಿ; ಸಾಣಿಕಟ್ಟಾ ಉಪ್ಪಿನ ದಪ್ಪ ಹರಳಿನಷ್ಟಾದರೆ ಕಾಫಿ ನೀರುನೀರು. ಮಿಕ್ಸಿಯೊಂದೇ ಗತಿಯೆಂದರೆ ಎರಡೆರಡು ಸೆಕೆಂಡ್ ತಿರುಗಿಸಿ, ಜಾರ್ ಕುಲುಕಿ, ಕೊನೆಗೆ ಸಣ್ಣ ಕಣ್ಣಿನ ಜರಡಿಯಲ್ಲಿ ಹುಡಿ ಉದುರಿಸಿಬಿಡಿ. ಆ ಹುಡಿ ಫಿಲ್ಟರಿಗಾಗುತ್ತದೆ, ಚೆಲ್ಲಬೇಡಿ.

30 ಗ್ರಾಂ ಪುಡಿಗೆ 450 ಮಿ.ಲೀ. ನೀರು. ಚರಟ ತನ್ನ ತೂಕದ ಸುಮಾರು ಎರಡರಷ್ಟು ನೀರು ಹೀರಿಕೊಳ್ಳುವುದರಿಂದ ಲೋಟಕ್ಕೆ ಬರುವುದು 390ರ ಆಸುಪಾಸು. ಹಾಲು ಬೇಕೆನ್ನುವವರಿಗೆ ಪುಡಿಯನ್ನು 40 ಗ್ರಾಂಗೆ ಏರಿಸಿ, ಹಾಲನ್ನು ಲೋಟಕ್ಕೇ ಹಾಕಿ.

ಕಡಲ ದಡದ ಕಾರವಾರದಲ್ಲಿ ನೀರು 100 ಡಿಗ್ರಿಗೆ ಕುದಿದರೆ ಘಟ್ಟದ ಮೇಲಿನ ಶಿರಸಿಯಲ್ಲಿ ಸುಮಾರು 98ಕ್ಕೇ ಕುದಿಯುತ್ತದೆ. ನಮಗೆ ಬೇಕಾದ್ದು 93ರಿಂದ 96. ಒಲೆ ಆರಿಸಿ, ಘಟ್ಟದ ಮೇಲಾದರೆ ಅರ್ಧ ನಿಮಿಷ, ಕೆಳಗಾದರೆ ತುಸು ಹೆಚ್ಚು ಕಾಯಿರಿ. ಬೇಸಿಗೆಯಲ್ಲಿ ಸಮುದ್ರದ ಹತ್ತಿರದ ಬಾವಿ ನೀರು ಉಪ್ಪಾಗಿದ್ದರೆ ಯಾವ ಬೀಜ ತಂದರೂ ದಂಡ.

ಗಾಜನ್ನು ಬಿಸಿನೀರಲ್ಲಿ ತೊಳೆದು, ಪುಡಿ ಹಾಕಿ, ಅದೆಲ್ಲ ನೆನೆಯುವಂತೆ ನೀರು ಹೊಯ್ಯಿರಿ. ನಾಲ್ಕು ನಿಮಿಷಕ್ಕೆ ಮೇಲೆ ಕಟ್ಟಿದ ಕೆನೆಯಂಥ ಪದರವನ್ನು ಚಮಚದಿಂದ ಒಡೆದು, ನೊರೆ ತೆಗೆದು, ಇನ್ನೊಂದು ನಿಮಿಷ ತಣಿಯಬಿಡಿ. ಆಮೇಲೆ ಹಿಡಿಯನ್ನು ನಿಧಾನವಾಗಿ ಒತ್ತಿ. ಸಲೀಸಾಗಿ ಜಾರಿದರೆ ಪುಡಿ ದಪ್ಪ, ಮಿಸುಕದಿದ್ದರೆ ನುಣುಪು. ಆಗ ಬಲ ಹಾಕಬೇಡಿ, ಬಿಸಿ ಕಾಫಿ ಕೈಮೇಲೆ ಚಿಮ್ಮುತ್ತದೆ. ಒಂದಿಂಚು ಮೇಲೆತ್ತಿ ಮತ್ತೆ ಒತ್ತಿ. ಒತ್ತಿದ ಮೇಲೆ ಪ್ರೆಸ್ಸಲ್ಲೇ ಬಿಟ್ಟು ಹರಟೆ ಹೊಡೆಯುವುದೂ ತಪ್ಪೇ, ಚರಟ ಕಹಿ ಬಿಡುತ್ತಲೇ ಇರುತ್ತದೆ. ಪೂರ್ತಿ ಬಗ್ಗಿಸಿಬಿಡಿ.

ಪುಡಿ ಸರಿಯಿದ್ದೂ ಕೆಸರು ಬಂದರೆ ಮಾತ್ರ ಜಾಲರಿ ನೋಡಿ. ಅಂಚಿನ ಸ್ಪ್ರಿಂಗ್ ಒಂದು ಕಡೆ ಬಾಗಿರುತ್ತದೆ, ಇಲ್ಲವೇ ಜಾಲರಿಯ ಅಂಚು ಮಡಚಿರುತ್ತದೆ. ದಿನಾ ಬಿಚ್ಚಿ ಸೋಪಿನಲ್ಲಿ ತೊಳೆಯಿರಿ; ಜಾಲರಿಯ ಬಿಲ್ಲೆಗಳ ನಡುವೆ ಉಳಿದ ಕಾಫಿ ಎಣ್ಣೆ ಹಳಸುತ್ತದೆ, ನಮ್ಮ ಮಳೆಗಾಲದಲ್ಲಿ ಬೂಸ್ಟೇ ಬರುತ್ತದೆ. ಏಲಕ್ಕಿ, ಶುಂಠಿಯನ್ನು ಪ್ರೆಸ್ಸಿನೊಳಗೆ ಹಾಕಲೇಬೇಡಿ. ಮರುದಿನದ ಕಾಫಿ ಕಷಾಯದ ವಾಸನೆ ಹೊಡೆಯುತ್ತದೆ.